ಒಂದು ಬೀಗ, ಒಂಬತ್ತು ಕೈ

ಗೆ,
ಕ್ಷೇತ್ರ ಶಿಕ್ಷಣಾಧಿಕಾರಿಗಳು,
ನಮ್ಮ ತಾಲ್ಲೂಕು

ವಿಷಯ: ಸರ್ಕಾರಿ ಶಾಲೆಗಳ ಬೀಗದ ಕೈಗಳಿಗೆ ಲೆಕ್ಕ ಇಡುವ ಬಗ್ಗೆ, ಮತ್ತು ಆ ಲೆಕ್ಕ ಇಲ್ಲದ ಕಾರಣಕ್ಕೆ ಕೆಲಸ ಕಳೆದುಕೊಂಡ ಬಿಸಿಯೂಟದ ಅಡುಗೆಯವರೊಬ್ಬರ ಬಗ್ಗೆ

ಮಾನ್ಯರೇ,

ನಾನು ಬೀಗ ರಿಪೇರಿಯವನು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಹೊರಗೆ, ಚಪ್ಪಲಿ ಹೊಲಿಯುವವರ ಪಕ್ಕದಲ್ಲಿ, ದೊಡ್ಡ ಛತ್ರಿಯೊಂದರ ಕೆಳಗೆ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ನಿಮ್ಮ ಕಚೇರಿಯ ಕಬ್ಬಿಣದ ಬೀರುವಿನ ಕೈ ಸಿಗದೆ ಒಂದು ದಿನ ಎಲ್ಲರೂ ಪರದಾಡಿದಾಗ ಅದನ್ನು ತೆರೆದುಕೊಟ್ಟವನು ನಾನೇ. ನಿಮಗೆ ನೆನಪಿರಲಿಕ್ಕಿಲ್ಲ, ನಿಮ್ಮ ಜವಾನರಿಗೆ ಚೆನ್ನಾಗಿ ನೆನಪಿದೆ. ಪಟ್ಟಣದಿಂದ ಆರು ಕಿಲೋಮೀಟರ್ ಆಚೆ ನಮ್ಮೂರು. ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು ಐದನೇ ತರಗತಿ. ಆ ಶಾಲೆಯ ಎಸ್‌ಡಿಎಂಸಿಯಲ್ಲಿ ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ, ಪೋಷಕರ ಪೈಕಿ ನಾನೂ ಒಬ್ಬ ಸದಸ್ಯ.

ದೂರು ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯಲ್ಲಿ ಕಳವಾಯಿತಲ್ಲ, ಆ ಶಾಲೆಯ ಬೀಗ ಮಾರಿದವನು ನಾನು. ಅದರ ಕೈಗೆ ನಕಲು ಮಾಡಿಕೊಟ್ಟವನೂ ನಾನು. ಒಂದಲ್ಲ, ಆರು. ಯಾವುದನ್ನೂ ಕದ್ದುಮುಚ್ಚಿ ಮಾಡಲಿಲ್ಲ; ಒಂದೊಂದಕ್ಕೂ ಯಾರೋ ಒಬ್ಬರು ಒಂದು ಒಳ್ಳೆಯ ಕಾರಣ ಹೇಳಿಕೊಂಡೇ ಬಂದಿದ್ದರು. ಆದರೆ ಆ ಆರು ಕಾರಣಗಳನ್ನೂ ಒಂದೇ ಕಡೆ ಬರೆದಿಟ್ಟವರು ಯಾರೂ ಇಲ್ಲ. ನಾನೂ ಬರೆದಿಡಲಿಲ್ಲ.

ಕಳವಿನ ವಿಷಯ ನಿಮ್ಮ ಕಡತದಲ್ಲಿದೆ. ಆದರೂ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ರಜೆ ಮುಗಿದು ಶಾಲೆ ತೆರೆದ ದಿನ ಜಗಲಿಯ ಗ್ರಿಲ್ ಗೇಟಿಗೆ ಬೀಗ ಹಾಕಿದ ಹಾಗೇ ಇತ್ತು. ಆಫೀಸ್ ಕೋಣೆಗೂ ಬೀಗ ಇತ್ತು. ಒಳಗೆ ದಾನಿಗಳು ಕೊಟ್ಟ ಟಿವಿ ಇಲ್ಲ, ಎರಡು ಕಂಪ್ಯೂಟರ್ ಇಲ್ಲ, ಯುಪಿಎಸ್ ಬ್ಯಾಟರಿ ಇಲ್ಲ, ಕ್ಷೀರಭಾಗ್ಯದ ಹಾಲಿನ ಪುಡಿಯ ಪೊಟ್ಟಣಗಳಿದ್ದ ಚೀಲವೂ ಇಲ್ಲ. ಮುಖ್ಯ ಶಿಕ್ಷಕರು ನನಗೆ ಫೋನ್ ಮಾಡಿದರು. ಹೋಗಿ ಎರಡೂ ಬೀಗ ಬಿಚ್ಚಿ ನೋಡಿದೆ. ಕೊಂಡಿಗೆ ಹಾರೆ ಹಾಕಿದ ಗುರುತಿಲ್ಲ, ಗರಗಸ ಆಡಿಸಿದ ಗುರುತಿಲ್ಲ, ಬೀಗದ ಬಾಯಲ್ಲಿ ತಂತಿ ಕೆರೆದ ಗುರುತೂ ಇಲ್ಲ. ಬಂದವರು ಬೀಗದ ಕೈ ಹಾಕಿ ತೆರೆದಿದ್ದಾರೆ, ಕೆಲಸ ಮುಗಿಸಿ ಮತ್ತೆ ಬೀಗ ಹಾಕಿಕೊಂಡು ಹೋಗಿದ್ದಾರೆ. ನನ್ನ ಕಸುಬಿನಲ್ಲಿ ಇದಕ್ಕೆ ಬೇರೆ ಅರ್ಥವಿಲ್ಲ.

ಎರಡು ಬಾಗಿಲಿಗೂ ಒಂದೇ ಕೈ ಸಾಕಾದದ್ದು ಹೇಗೆ ಎಂದು ನೀವು ಕೇಳಬಹುದು. ಅದೂ ನನ್ನ ಅಂಗಡಿಯಿಂದ ಹೋದದ್ದೇ. ಆರು ವರ್ಷದ ಹಿಂದೆ ಆಗಿನ ಮುಖ್ಯ ಶಿಕ್ಷಕರು ಬಂದು, ‘ಎರಡಕ್ಕೂ ಒಂದೇ ಕೈ ಆಗೋ ಥರ ಜೋಡಿ ಬೀಗ ಕೊಡಪ್ಪಾ, ಗೊಂಚಲು ಹೊತ್ತುಕೊಂಡು ತಿರುಗೋಕೆ ಆಗಲ್ಲ’ ಎಂದರು. ಕೊಟ್ಟೆ. ಒಳ್ಳೆಯ ಆರು ಲಿವರಿನ ಬೀಗ; ಲಿವರ್ ಎಂದರೆ ಕೈ ತಿರುಗಿಸಿದಾಗ ಬೀಗದೊಳಗೆ ಏಳುವ ತಗಡು. ಸಂತೆಯಲ್ಲಿ ಸಿಗುವ ಎರಡು ಲಿವರಿನ ಬೀಗಗಳ ಹಾಗೆ ಒಂದರ ಕೈ ಇನ್ನೊಂದಕ್ಕೆ ತಾಗಿ ತೆರೆದುಕೊಳ್ಳುವ ಜಾತಿಯಲ್ಲ. ಬೀಗದಲ್ಲಿ ದೋಷವಿರಲಿಲ್ಲ. ಜೊತೆಗೆ ಬಂದ ಮೂರು ಕೈಗಳನ್ನು ಎಣಿಸಿ ಮೇಷ್ಟರ ಅಂಗೈಯಲ್ಲಿಟ್ಟೆ.

ಪೊಲೀಸರು ಬಂದರು. ಮುರಿದ ಗುರುತಿಲ್ಲ ಎಂದಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, ‘ಕೀ ಯಾರ ಹತ್ತಿರ ಇರುತ್ತೆ?’ ಸರಿಯಾದ ಪ್ರಶ್ನೆಯೇ. ಅದಕ್ಕೆ ಸಿಕ್ಕ ಉತ್ತರ, ‘ಅಡುಗೆಯವರ ಹತ್ತಿರ.’

ಆ ಉತ್ತರ ಸುಳ್ಳಲ್ಲ. ಬೆಳಿಗ್ಗೆ ಎಂಟೂವರೆಗೆ ಬಂದು ಗ್ರಿಲ್ ತೆಗೆದು, ಆಫೀಸ್ ಕೋಣೆಯಿಂದ ಅಕ್ಕಿ ಬೇಳೆ ಅಳೆದುಕೊಂಡು ಒಲೆ ಹಚ್ಚುತ್ತಿದ್ದವರು ಅವರೇ. ಹದಿನಾಲ್ಕು ವರ್ಷದಿಂದ ಆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರು. ಸರ್ಕಾರ ಕೊಡುವುದು ಸಂಬಳವೂ ಅಲ್ಲ, ಗೌರವಧನ. ಅದು ತಿಂಗಳಿಗೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಬೀಗ ತೆಗೆಯುವುದು ಅವರ ಕೆಲಸ ಎಂದು ಯಾವ ಆದೇಶದಲ್ಲೂ ಇಲ್ಲ. ಶಾಲೆಗೆ ಜವಾನರಿಲ್ಲ, ಕಾವಲುಗಾರರಿಲ್ಲ, ಮೇಷ್ಟರುಗಳೆಲ್ಲ ಪಟ್ಟಣದಿಂದ ಬಸ್ಸಿನಲ್ಲಿ ಬರುವವರು; ಹಾಗಾಗಿ ಕೈ ಅವರ ಸೆರಗಿನ ಗಂಟಿಗೆ ಬಂತು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಅವರನ್ನು ಠಾಣೆಯಲ್ಲಿ ಕೂರಿಸಿದರು. ಮೂರನೆಯ ದಿನ, ‘ವಿಚಾರಣೆ ಮುಗಿಯೋವರೆಗೂ ಬರೋದು ಬೇಡ’ ಎಂದು ಶಾಲೆಯಿಂದ ಬಾಯಿಮಾತಿನಲ್ಲಿ ಹೇಳಿಕಳಿಸಿದರು. ಅವರ ಮೇಲೆ ಕೇಸಿಲ್ಲ, ಕೈಯಲ್ಲಿ ಕಾಗದವಿಲ್ಲ, ಈಗ ಕೆಲಸವೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತನ್ನು ಊರಿನಲ್ಲಿ ಈಗ ಅವರ ಹೆಸರಿನ ಜೊತೆಗೇ ಹೇಳುತ್ತಿದ್ದಾರೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನಾನು ಎದ್ದು ನಿಂತು ಕೈಗಳ ಲೆಕ್ಕ ಹೇಳಿದೆ. ಆ ದಿನದ ನಡಾವಳಿಯಲ್ಲಿ ಅದನ್ನು ಬರೆದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲಿನ ಮೂರು ಕೈಗಳಲ್ಲಿ ಒಂದು ಮುಖ್ಯ ಶಿಕ್ಷಕರ ಬಳಿ, ಒಂದು ಹಿರಿಯ ಸಹ ಶಿಕ್ಷಕರ ಬಳಿ. ಮೂರನೆಯದು ಆಪತ್ಕಾಲಕ್ಕೆ ಇರಲಿ ಎಂದು ಆಫೀಸ್ ಕೋಣೆಯ ಬೀರುವಿನಲ್ಲಿ. ಅಂದರೆ ಆಫೀಸ್ ಕೋಣೆಯ ಬೀಗ ತೆರೆಯಲು ಬೇಕಾದ ಕೈ ಆಫೀಸ್ ಕೋಣೆಯ ಒಳಗೇ! ನಾಲ್ಕನೆಯದು ಅಡುಗೆಯವರಿಗಾಗಿ ನಾನು ಮಾಡಿದ್ದು. ಐದನೆಯದನ್ನು ಮಾಡಿಸಿಕೊಂಡವರು ಆಟದ ಸಾಮಾನು ನೋಡಿಕೊಳ್ಳುತ್ತಿದ್ದ ಒಬ್ಬ ಶಿಕ್ಷಕರು. ಅವರಿಗೆ ವರ್ಗವಾಗಿ ಮೂರು ವರ್ಷ ಆಯಿತು. ಅವರು ಒಪ್ಪಿಸಿಹೋದ ಚಾರ್ಜ್ ಪಟ್ಟಿಯಲ್ಲಿ ಚೆಂಡು, ಹಗ್ಗ, ಕೇರಂ ಬೋರ್ಡು ಎಲ್ಲ ಇವೆ, ಕೈ ಇಲ್ಲ. ಆರನೆಯದು 2024ರ ಲೋಕಸಭಾ ಚುನಾವಣೆಯಲ್ಲಿ. ನಮ್ಮ ಶಾಲೆ ಮತಗಟ್ಟೆ, ಆಗಿನ ಮುಖ್ಯ ಶಿಕ್ಷಕರಿಗೆ ಡ್ಯೂಟಿ ಬೇರೆ ಹೋಬಳಿಯಲ್ಲಿ. ಮತಗಟ್ಟೆ ಸಿಬ್ಬಂದಿ ಬಂದಾಗ ತೆರೆಯಲೆಂದು ಒಂದು ನಕಲು ಮಾಡಿಸಿ ಊರಲ್ಲಿ ಕೊಟ್ಟು ಹೋದರು. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ವಾಪಸು ಬಂದಿಲ್ಲ. ಏಳನೆಯದು ಯುವಕ ಸಂಘಕ್ಕೆ. ಆಗಸ್ಟ್ 15ರ ಹಿಂದಿನ ರಾತ್ರಿ ಕುರ್ಚಿ, ಮೈಕು ತೆಗೆಯಲು. ಎಂಟನೆಯದು ಶಾಲೆಯ ಪಕ್ಕದ ಮನೆಯ ಏಳನೇ ತರಗತಿ ಹುಡುಗನಿಗೆ. ಅಡುಗೆಯವರು ರಜೆ ಇದ್ದ ದಿನ ಗೇಟು ತೆರೆಯುವ ಜವಾಬ್ದಾರಿ ಅವನದು. ಒಂದು ಸಂಜೆ ಅವನು ಅಳುತ್ತಾ ನನ್ನ ಹತ್ತಿರ ಬಂದ. ‘ಅಣ್ಣಾ, ಕೆರೆ ಹತ್ರ ಆಡ್ತಾ ಎಲ್ಲೋ ಬಿದ್ದೋಯ್ತು, ಮೇಷ್ಟ್ರಿಗೆ ಗೊತ್ತಾಗೋದ್ರೊಳಗೆ ಇನ್ನೊಂದು ಮಾಡ್ಕೊಡಿ’ ಎಂದು ಅಡುಗೆಯವರ ಕೈಯನ್ನು ಮಾದರಿಗೆ ತಂದಿದ್ದ. ಮಗು ಅಳುತ್ತಿದೆಯಲ್ಲ ಎಂದು ದುಡ್ಡೂ ತೆಗೆದುಕೊಳ್ಳದೆ ಮಾಡಿಕೊಟ್ಟೆ. ಅದು ಒಂಬತ್ತನೆಯದು.

ಸ್ವಾಮಿ, ಆ ಸಂಜೆ ನಾನು ಮಾಡಿದ್ದು ತಪ್ಪು. ಮಾದರಿ ಕೈ ಎದುರಿಗಿದ್ದರೆ ನಕಲು ಮಾಡಲು ನನಗೆ ಹತ್ತು ನಿಮಿಷ ಸಾಕು; ಅರ ಹಿಡಿದ ಕೈಗೆ ಅದು ಎಲೆ ಅಡಿಕೆ ಮಡಿಸಿದಷ್ಟು ಸುಲಭ. ತಂದವರು ಯಾರು, ಯಾವ ಬಾಗಿಲಿನದು, ಯಾರು ಕಳಿಸಿದರು ಎಂದು ನಾವು ಕೇಳುವುದಿಲ್ಲ. ಕೇಳಿದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ಆದರೆ ಕಳೆದುಹೋದ ಕೈಗೆ ಬದಲಿ ಕೈ ಮಾಡುವುದಲ್ಲ, ಬೀಗವನ್ನೇ ಬದಲಿಸುವುದು ಎಂಬುದು ನನಗೆ ಗೊತ್ತಿತ್ತು. ಮನೆಯವರು ಬಂದರೆ ನಾನೇ ಅದನ್ನು ಹೇಳುತ್ತೇನೆ. ಶಾಲೆಯದು ಎಂದಾಗ ಹೇಳಲಿಲ್ಲ. ಸರ್ಕಾರದ್ದಲ್ಲವೇ ಎಂಬ ಉಡಾಫೆ ನನ್ನೊಳಗೂ ಇತ್ತು ಎಂದೇ ಇಟ್ಟುಕೊಳ್ಳಿ.

ಈ ಒಂಬತ್ತರಲ್ಲಿ ಕಳ್ಳತನಕ್ಕೆ ಬಳಕೆಯಾದದ್ದು ಯಾವುದೋ ನನಗೆ ಗೊತ್ತಿಲ್ಲ. ಯಾರ ಮೇಲೂ ನನಗೆ ಬೆರಳು ತೋರಿಸಬೇಕಿಲ್ಲ. ನನ್ನ ತಕರಾರು ಇಷ್ಟೇ: ಒಂಬತ್ತು ಕೈ ಇದ್ದ ಬೀಗಕ್ಕೆ ಪೊಲೀಸರ ಮುಂದೆ ಒಂದೇ ಕೈ ತೋರಿಸಲಾಯಿತು. ಅದೂ ‘ನನ್ನದಲ್ಲ’ ಎಂದು ಗಟ್ಟಿಯಾಗಿ ಹೇಳಲು ಆಗದವರ ಕೈ. ಮುಖ್ಯ ಶಿಕ್ಷಕರನ್ನೂ ನಾನು ದೂರುತ್ತಿಲ್ಲ. ಅವರು ಬಂದು ಒಂದೂವರೆ ವರ್ಷ ಆಗಿದೆ. ತಮ್ಮ ಬೀಗಕ್ಕೆ ಒಂಬತ್ತು ಕೈ ಇದೆ ಎಂದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗುವಂಥ ಪುಸ್ತಕ ಶಾಲೆಯಲ್ಲಿ ಇಲ್ಲವೇ ಇಲ್ಲ. ಹಾಜರಿ ಪುಸ್ತಕ ಇದೆ, ಚಲನವಲನ ವಹಿ ಇದೆ, ದಾಸ್ತಾನು ವಹಿ ಇದೆ, ಅಕ್ಕಿಗೆ ಗ್ರಾಂ ಲೆಕ್ಕ ಇದೆ: ಐದನೇ ತರಗತಿಯವರೆಗಿನ ಮಗುವಿಗೆ 100, ಅದರ ಮೇಲಿನವರಿಗೆ 150. ಆ ಅಕ್ಕಿ ಇಟ್ಟ ಕೋಣೆಯ ಕೈಗೆ ಮಾತ್ರ ಲೆಕ್ಕವಿಲ್ಲ.

ಅದೇ ಅಡುಗೆಯವರ ಬಗ್ಗೆ ಇನ್ನೊಂದು ಸಂಗತಿ. ಇದು ನಿಮ್ಮ ಕಡತದಲ್ಲಿ ಇರಲಾರದು. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ನಲಿಕಲಿ ಕೋಣೆಯ ಮೂಲೆಯಲ್ಲಿ, ಚಾಪೆ ಸುತ್ತಿಟ್ಟ ಜಾಗದಲ್ಲಿ ನಿದ್ದೆ ಹೋದಳು. ಮೋಡ ಕವಿದು ಕತ್ತಲೆ, ಮಕ್ಕಳಿಗೆ ಬೇಗ ಮನೆ ಸೇರುವ ಅವಸರ, ಮೇಷ್ಟರಿಗೆ ಬಸ್ಸಿನ ಅವಸರ. ನಾಲ್ಕೂವರೆಗೆ ಬೀಗ ಬಿತ್ತು. ಅವಳ ತಾಯಿ ಗಾರ್ಮೆಂಟ್ಸ್ ಕೆಲಸದಿಂದ ಬಂದದ್ದು ಆರೂವರೆಗೆ. ಮಗು ಅಜ್ಜಿಮನೆಯಲ್ಲಿದೆ ಎಂದುಕೊಂಡಿದ್ದರು. ಊರೆಲ್ಲ ಹುಡುಕುವಾಗ ಈ ಅಡುಗೆಯವರಿಗೆ ಹೊಳೆಯಿತು. ಸೆರಗಿನಲ್ಲಿ ಕೈ ಇತ್ತು, ಓಡಿದರು, ತೆರೆದರು. ಮಗು ಕಿಟಕಿಯ ಸರಳು ಹಿಡಿದು ನಿಂತಿತ್ತಂತೆ, ಅತ್ತು ಅತ್ತು ದನಿ ಹೋಗಿತ್ತಂತೆ. ಅವತ್ತು ಕೈ ಪಟ್ಟಣದಲ್ಲಿದ್ದ ಮುಖ್ಯ ಶಿಕ್ಷಕರ ಜೇಬಿನಲ್ಲಷ್ಟೇ ಇದ್ದಿದ್ದರೆ ಇನ್ನೂ ಎಷ್ಟು ಹೊತ್ತಾಗುತ್ತಿತ್ತೋ. ಸೆರಗಿನಲ್ಲಿದ್ದ ಕೈಗಾಗಿ ಅವತ್ತು ಅವರಿಗೆ ಯಾರೂ ಶಾಲು ಹೊದಿಸಲಿಲ್ಲ. ಈಗ ಅದೇ ಕೈಗಾಗಿ ಠಾಣೆ ತೋರಿಸಿದ್ದೇವೆ.

ಇದು ನಮ್ಮೂರಲ್ಲಿ ಮಾತ್ರ ಆಗುವುದಲ್ಲ. 2025ರ ಆಗಸ್ಟ್‌ನಲ್ಲಿ ಒಡಿಶಾದ ಕೆಂದುಝರ್ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಎರಡನೇ ತರಗತಿಯ ಮಗು ಹೀಗೇ ಒಳಗೆ ಉಳಿದು, ಹೊರಬರಲು ನೋಡಿ, ಕಿಟಕಿಯ ಸರಳುಗಳ ನಡುವೆ ತಲೆ ಸಿಕ್ಕಿಕೊಂಡ ಸ್ಥಿತಿಯಲ್ಲಿ ಬೆಳಿಗ್ಗೆ ಊರವರಿಗೆ ಕಂಡಿತು. ಮುಖ್ಯ ಶಿಕ್ಷಕರನ್ನು ಅಮಾನತು ಮಾಡಿದರು. ಆ ವಿಡಿಯೋ ನನ್ನ ಮೊಬೈಲಿಗೂ ಬಂತು. ಪೂರ್ತಿ ನೋಡಲು ಆಗಲಿಲ್ಲ.

ನಮ್ಮ ಶಾಲೆಯ ಕಳವಿನ ನಂತರ ನಿಮ್ಮ ಕಚೇರಿಯಿಂದ ಬಂದ ಸೂಚನೆಯನ್ನು ಸಭೆಯಲ್ಲಿ ಓದಿದರು. ದಾನಿಗಳ ನೆರವಿನಿಂದ ಸಿಸಿಟಿವಿ ಹಾಕಿಸಿಕೊಳ್ಳಬೇಕು, ಶಾಲಾ ಸಮಯದಲ್ಲಿ ಗೇಟಿಗೆ ಬೀಗ ಹಾಕಿರಬೇಕು ಎಂದು. ಮೊದಲನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವು ದಿಡ್ಡಿ ಬಾಗಿಲನ್ನೂ ಹಾಕುತ್ತಿಲ್ಲ, ಅದರ ಫೋಟೋ ತೆಗೆಯಲು ಹೊರಟಿದ್ದೇವೆ. ಕ್ಯಾಮೆರಾ ಬೇಡ ಎನ್ನುವುದಿಲ್ಲ. ಅದರ ರೆಕಾರ್ಡ್ ಪೆಟ್ಟಿಗೆಯನ್ನು ಇಡುವುದು ಮತ್ತದೇ ಆಫೀಸ್ ಕೋಣೆಯಲ್ಲಿ, ಅದೇ ಒಂಬತ್ತು ಕೈಯ ಬೀಗದ ಹಿಂದೆ ಎಂಬುದಷ್ಟೇ ನನ್ನ ಚಿಂತೆ.

ಎರಡನೆಯ ಸೂಚನೆ ಮಾತ್ರ ನನ್ನ ನಿದ್ದೆ ಕೆಡಿಸಿದೆ. ಅದನ್ನು ನಮ್ಮ ಶಾಲೆಯಲ್ಲಿ ಹೇಗೆ ಪಾಲಿಸುತ್ತಿದ್ದಾರೆ ಗೊತ್ತೇ? ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಗ್ರಿಲ್ ಎಳೆದು ಒಳಗಿನಿಂದ ಬೀಗ ಹಾಕುತ್ತಾರೆ. ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿ. ಹೋದ ತಿಂಗಳು ನಾನು ಮಗಳ ಆಧಾರ್ ಜೆರಾಕ್ಸ್ ಕೊಡಲು ಹೋದಾಗ ಅವರು ಪಟ್ಟಣಕ್ಕೆ ಮೀಟಿಂಗಿಗೆ ಹೋಗಿದ್ದರು, ಕೈ ಅವರ ಜೊತೆಗೇ ಹೋಗಿತ್ತು. ಒಳಗೆ ನೂರ ನಲವತ್ತು ಮಕ್ಕಳು, ನಾಲ್ಕು ಜನ ಶಿಕ್ಷಕರು, ಹೊರಗೆ ಹೋಗಲು ಇರುವುದು ಆ ಒಂದೇ ಗ್ರಿಲ್. ಅಡುಗೆ ಮನೆ ಜಗಲಿಯ ತುದಿಗೆ ಅಂಟಿಕೊಂಡಿದೆ, ಅದರೊಳಗೆ ಎರಡು ಗ್ಯಾಸ್ ಸಿಲಿಂಡರ್. ನಾನು ಕೇಳಿದ್ದಕ್ಕೆ ಒಬ್ಬ ಶಿಕ್ಷಕಿ ಸರಳಿನ ಸಂದಿಯಿಂದ ಕೈ ಚಾಚಿ ಜೆರಾಕ್ಸ್ ತೆಗೆದುಕೊಂಡರು. ನಗುತ್ತಲೇ, ‘ಜೈಲಿಗೆ ಬಂದ ಹಾಗಿದೆ ಅಲ್ವಾ’ ಎಂದರು. ನನಗೆ ನಗು ಬರಲಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ 94 ಮಕ್ಕಳು ಸುಟ್ಟುಹೋದರು. ಬೆಂಕಿ ಹುಟ್ಟಿದ್ದು ಅಡುಗೆ ಮನೆಯಲ್ಲಿ. ಹರಡಿದ್ದು ಗರಿಯ ಚಾವಣಿಗೆ. ಇಳಿದು ಓಡಲು ಮಕ್ಕಳಿಗೆ ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ದುರಂತದ ಮೇಲೆ ನಡೆದ ಮೊಕದ್ದಮೆಯಲ್ಲೇ 2009ರಲ್ಲಿ ಸುಪ್ರೀಂ ಕೋರ್ಟು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದೂ ಮಗುವಿನ ಶಿಕ್ಷಣದ ಹಕ್ಕಿನ ಭಾಗ ಎಂದದ್ದು, ದೇಶದ ಎಲ್ಲ ಶಾಲೆಗಳೂ ಬೆಂಕಿಯಿಂದ ರಕ್ಷಣೆಯ ಏರ್ಪಾಡು ಮಾಡಿಕೊಳ್ಳಬೇಕು ಎಂದದ್ದು. ನಮ್ಮ ಶಾಲೆಗೆ ಗರಿಯ ಚಾವಣಿ ಇಲ್ಲ, ನಿಜ. ಗೋಡೆಯಲ್ಲಿ ಕೆಂಪು ಸಿಲಿಂಡರೂ ನೇತಾಡುತ್ತಿದೆ. ಆದರೆ ಹೊರಗಿನಿಂದ ಬರುವವರನ್ನು ತಡೆಯುವ ಬಾಗಿಲು, ಒಳಗಿನಿಂದ ಓಡುವವರನ್ನು ತಡೆಯಬಾರದು. ಮಕ್ಕಳು ಒಳಗಿರುವಾಗ ಗ್ರಿಲ್ಲಿಗೆ ಬೀಗ ಬೇಡ. ದೊಡ್ಡವರ ಎತ್ತರಕ್ಕೆ ಒಳಗಿನಿಂದ ಒಂದು ಗಟ್ಟಿ ಚಿಲಕ ಸಾಕು. ಒಳಗಿರುವ ಯಾವ ಶಿಕ್ಷಕರಾದರೂ ಕೈ ಹುಡುಕದೆ ಒಂದೇ ಎಳೆತಕ್ಕೆ ತೆಗೆಯುವಂತಿರಬೇಕು. ಸಣ್ಣ ಮಕ್ಕಳು ತಾವಾಗಿ ತೆಗೆದುಕೊಂಡು ರಸ್ತೆಗೆ ಓಡುವುದಿಲ್ಲ, ಹೊರಗಿನವರಿಗೆ ಸರಳಿನ ಸಂದಿಯಲ್ಲಿ ಕೈ ಹಾಕಿದರೂ ಸಿಗದಂತೆ ಒಂದು ತಗಡು ಹೊಡೆದರೆ ಮುಗಿಯಿತು. ಅದನ್ನು ಮಾಡುವ ವೆಲ್ಡಿಂಗ್ ಕೆಲಸಕ್ಕೆ ಅರ್ಧ ದಿನ ಬೇಕು. ಇನ್ನೊಂದು ಬದಿಯ ಗೋಡೆಯಲ್ಲಿ ಎರಡನೆಯ ಬಾಗಿಲು ಇಡುವುದಕ್ಕೆ ಹೆಚ್ಚು ದುಡ್ಡು ಬೇಕು, ಗೊತ್ತು. ಆದರೂ ಕೇಳುತ್ತಿದ್ದೇನೆ.

ಬೀಗದ ಶಿಸ್ತು ನಿಮ್ಮ ಇಲಾಖೆಗೆ ಗೊತ್ತಿಲ್ಲದ ವಿದ್ಯೆ ಅಲ್ಲ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಒಮ್ಮೆ ಸೋರಿ, ಮರುಪರೀಕ್ಷೆಗೆಂದು ಮಾಡಿದ್ದೂ ಸೋರಿ, ಮಕ್ಕಳು ಏಪ್ರಿಲ್ 12ರವರೆಗೆ ಕಾಯಬೇಕಾಯಿತಲ್ಲ, ಆಗ ಇಡೀ ರಾಜ್ಯ ಕೇಳಿದ್ದು ಇದೇ ಪ್ರಶ್ನೆ: ಪತ್ರಿಕೆ ಯಾರ ವಶದಲ್ಲಿತ್ತು, ಯಾರ ಕೈ ದಾಟಿ ಬಂತು? ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗ; ಎರಡರ ಕೈ ಒಬ್ಬರ ಬಳಿ ಇರುವಂತಿಲ್ಲ. ಮತಯಂತ್ರ ಇಡುವ ಕೋಣೆಗೂ ಹಾಗೆಯೇ. ನಮ್ಮದೇ ಶಾಲೆಯ ಕೋಣೆಯಿಂದ ಮತಯಂತ್ರ ಹೊರಟ ಕ್ಷಣದಿಂದ ಅದಕ್ಕೆ ಅರಗಿನ ಮುದ್ರೆ, ಸಹಿ, ಪೊಲೀಸು. ಆ ಕೋಣೆಯ ಕೈ ಮಾತ್ರ ಅದೇ ದಿನದಿಂದ ನಾಪತ್ತೆ. ಶಾಲೆಗೆ ಖಜಾನೆಯ ಕಟ್ಟುನಿಟ್ಟು ಬೇಕೆಂದು ನಾನು ಕೇಳುತ್ತಿಲ್ಲ. ಅದರ ಕಾಲುಭಾಗ ಬಂದರೂ ಸಾಕು.

ಈಗ ನನ್ನ ಬೇಡಿಕೆಗಳನ್ನು ಹೇಳುತ್ತೇನೆ. ಕಸುಬಿನವನ ಮಾತು ಎಂದು ಕೇಳಿಸಿಕೊಳ್ಳಿ.

ಮೊದಲು, ಆ ಅಡುಗೆಯವರನ್ನು ಕೆಲಸಕ್ಕೆ ಕರೆಸಿ. ಬಾಯಿಮಾತಿನಲ್ಲಿ ಕಳಿಸಿದವರನ್ನು ಬಾಯಿಮಾತಿನಲ್ಲಿ ಕರೆದರೆ ಸಾಲದು. ಅವರ ಮೇಲೆ ಯಾವ ಆರೋಪವೂ ಸಾಬೀತಾಗಿಲ್ಲ ಎಂದು ಶಾಲೆಯ ಮೊಹರು ಹಾಕಿದ ಕಾಗದ ಕೊಡಿಸಿ, ಮನೆಯಲ್ಲಿ ಕೂರಿಸಿದ ತಿಂಗಳುಗಳ ಗೌರವಧನವನ್ನೂ ಕೊಡಿಸಿ. ಮಿಕ್ಕಿದ್ದೆಲ್ಲ ಇದಾದ ಮೇಲೆ.

ತಾಲ್ಲೂಕಿನ ಪ್ರತಿ ಶಾಲೆಯಲ್ಲೂ ಬೀಗದ ಕೈ ವಹಿ ಎಂಬ ಒಂದು ಪುಸ್ತಕ ಇರಲಿ. ನೂರು ಪುಟದ ನೋಟ್‌ಬುಕ್ ಸಾಕು. ಒಂದು ಕೈಗೆ ಒಂದು ಪುಟ: ಯಾವಾಗ ಮಾಡಿಸಿದ್ದು, ಯಾರಿಗೆ ಕೊಟ್ಟದ್ದು, ಸಹಿ, ಯಾವಾಗ ವಾಪಸು. ಕೈಯ ಮೇಲೆ ‘ಆಫೀಸು’, ‘ಅಡುಗೆ ಮನೆ’ ಎಂದು ಚೀಟಿ ಕಟ್ಟಬೇಡಿ. ಹಾಗೆ ಕಟ್ಟಿದರೆ ಬೀದಿಯಲ್ಲಿ ಬಿದ್ದ ಕೈ ಸಿಕ್ಕವನಿಗೆ ದಾರಿಯನ್ನೂ ಹೇಳುತ್ತದೆ. ಬರೀ ಒಂದು ಅಂಕಿ ಕೊರೆಸಿ, ಆ ಅಂಕಿ ಯಾವ ಬಾಗಿಲಿನದು ಎಂಬುದು ವಹಿಯಲ್ಲಿರಲಿ. ಅಂಕಿ ಕೊರೆಯಲು ನನ್ನ ಹತ್ತಿರ ಅಚ್ಚುಗಳಿವೆ. ನಮ್ಮ ತಾಲ್ಲೂಕಿನ ಯಾವ ಸರ್ಕಾರಿ ಶಾಲೆಯವರು ತಂದರೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಪತ್ಕಾಲದ ಒಂದು ಜೊತೆಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿದ ಕಡೆ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರು ಸಹಿ ಮಾಡಿ, ಶಾಲೆಯ ಹೊರಗೆ, ಊರಿನಲ್ಲೇ ಇರುವ ಒಬ್ಬ ಜವಾಬ್ದಾರರ ಮನೆಯಲ್ಲಿ ಇಡಲಿ. ಬೀರುವಿನಲ್ಲಿ ಅಲ್ಲ.

ಬೆಳಿಗ್ಗೆ ಯಾರಾದರೂ ಬೇಗ ಬಂದು ಬಾಗಿಲು ತೆಗೆಯಲೇಬೇಕು, ಅದನ್ನು ನಾನು ಬಲ್ಲೆ. ಅದು ಅಡುಗೆಯವರೇ ಆಗಿದ್ದರೆ ಅವರಿಗೆ ಅಡುಗೆ ಮನೆ ಮತ್ತು ದಿನಸಿ ಕೋಣೆಯ ಕೈ ಮಾತ್ರ ಕೊಡಿ. ದಿನಸಿಯನ್ನು ಕಂಪ್ಯೂಟರ್ ಕೋಣೆಯಲ್ಲಿ ಇಟ್ಟು ಆಮೇಲೆ ಅವರನ್ನು ಅನುಮಾನಿಸಬೇಡಿ. ಲಿಖಿತವಾಗಿ ಕೊಡಿ, ಸಹಿ ಪಡೆಯಿರಿ, ಅವರಿಗೂ ಒಂದು ಪ್ರತಿ ಇರಲಿ. ಮಕ್ಕಳ ಕೈಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ‘ಬೀಗ ತೆಗೆಯೋ ಹುಡುಗ’ ಎಂಬುದು ನಮ್ಮ ಕಾಲದಲ್ಲಿ ಹೆಮ್ಮೆಯ ಪದವಿಯಾಗಿತ್ತು, ನಾನೂ ಆ ಪದವಿಯಲ್ಲಿ ಮೆರೆದವನು. ಅವತ್ತು ಶಾಲೆಯಲ್ಲಿ ಕದಿಯಲು ಇದ್ದದ್ದು ಸೀಮೆಸುಣ್ಣ, ಒಂದು ಗಂಟೆ. ಇವತ್ತು ಹನ್ನೆರಡು ವರ್ಷದ ಹುಡುಗನ ಚಡ್ಡಿ ಜೇಬಿನಲ್ಲಿ ಎರಡು ಲಕ್ಷದ ಸಾಮಾನಿನ ಹೊಣೆ ಇಡುವುದು ನ್ಯಾಯವಲ್ಲ. ಆ ಹುಡುಗ ಕಳವಾದ ದಿನದಿಂದ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾನೆ.

ಸಂಜೆ ಬೀಗ ಹಾಕುವ ಮೊದಲು ಒಬ್ಬರು ಶಿಕ್ಷಕರು ಪ್ರತಿ ಕೋಣೆಯ ಒಳಗೆ ಕಾಲಿಟ್ಟು ನೋಡಲಿ. ಹೊಸ್ತಿಲಲ್ಲಿ ನಿಂತು ಇಣುಕುವುದಲ್ಲ. ಶೌಚಾಲಯ, ಚಾಪೆಯ ಮೂಲೆ, ಬೀರುವಿನ ಹಿಂದೆ. ಐದು ನಿಮಿಷದ ಕೆಲಸ. ವಹಿಯಲ್ಲಿ ಒಂದು ಸಹಿ.

ಕೈ ಕಳೆದರೆ, ಅಥವಾ ಕೈ ಇದ್ದವರು ವರ್ಗವಾಗಿ ಹೋಗುವಾಗ ಕೊಡದೆ ಹೋದರೆ, ಬೀಗ ಬದಲಿಸಿ. ದುಡ್ಡಿಲ್ಲ ಎಂಬ ಮಾತು ಬೇಡ. 100ಕ್ಕಿಂತ ಹೆಚ್ಚು, 250ರ ಒಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ ನಿಗದಿಯಾಗಿದೆ. ಅದು ಪೂರ್ತಿ ಬರುವುದಿಲ್ಲ, ತಡವಾಗಿ ಬರುತ್ತದೆ, ಕರೆಂಟ್ ಬಿಲ್ಲಿಗೇ ಹೋಗುತ್ತದೆ ಎಂದು ಮೇಷ್ಟರುಗಳು ಹೇಳುವುದನ್ನು ನಾನು ಕೇಳಿದ್ದೇನೆ. ಆದರೂ ಒಂದು ಒಳ್ಳೆಯ ಬೀಗದ ಬೆಲೆ ಒಂದು ಸೀಲಿಂಗ್ ಫ್ಯಾನಿನ ಬೆಲೆಗಿಂತ ಕಡಿಮೆ. ಬೀಗ ಬದಲಿಸುವಾಗ ಕೊಂಡಿಯನ್ನೂ ನೋಡಿ. ನಾನು ನೋಡಿದ ಹಲವು ಶಾಲೆಗಳಲ್ಲಿ ಆರು ಲಿವರಿನ ಬೀಗ ನೇತಾಡುವುದು ಮರದ ಬಾಗಿಲಿಗೆ ಹೊರಗಿನಿಂದ ಹೊಡೆದ ನಾಲ್ಕು ಸಣ್ಣ ಸ್ಕ್ರೂಗಳ ಕೊಂಡಿಗೆ. ಕಳ್ಳನಿಗೆ ಬೀಗದ ಗೊಡವೆಯೇ ಬೇಡ, ಸ್ಕ್ರೂಡ್ರೈವರ್ ಸಾಕು. ಬಾಗಿಲನ್ನು ತೂರಿ ಒಳಗಡೆ ನಟ್ ಹಾಕುವ ಬೋಲ್ಟು ಹೊಡೆಸಿ.

ಚುನಾವಣೆಗೆ, ಪೋಲಿಯೊ ಲಸಿಕೆಗೆ, ಗ್ರಾಮಸಭೆಗೆ, ಊರ ಹಬ್ಬಕ್ಕೆ ಶಾಲೆ ಬೇಕು. ಕೊಡೋಣ, ಊರಿನ ಶಾಲೆ ಊರಿಗೇ. ಆದರೆ ಪಡೆದವರು ಯಾವ ಇಲಾಖೆಯವರೇ ಆಗಲಿ, ವಹಿಯಲ್ಲಿ ಸಹಿ ಹಾಕಿ ಕೈ ಒಯ್ಯಲಿ, ಸಹಿ ಹಾಕಿ ತಂದುಕೊಡಲಿ. ಇದಕ್ಕೆ ತಹಸೀಲ್ದಾರರಿಗೆ ನೀವು ಒಂದು ಪತ್ರ ಬರೆಯಬೇಕಾಗುತ್ತದೆ. ಮುಖ್ಯ ಶಿಕ್ಷಕರು ಕೇಳಿದರೆ ಅವರು ಕೊಡುವುದಿಲ್ಲ.

ಶಾಲೆಯ ಮಕ್ಕಳ ಸುರಕ್ಷತೆಗೆ ಯಾರು ಹೊಣೆ ಎಂಬುದರ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಮಾರ್ಗಸೂಚಿ ಹೊರಡಿಸಿ, ಶಾಲಾ ಮುಖ್ಯಸ್ಥರನ್ನೂ ಆಡಳಿತವನ್ನೂ ಹೊಣೆಗಾರರನ್ನಾಗಿ ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಶಾಲೆಯ ಕೆಲಸವನ್ನು ನಾವು ನೋಡಿಕೊಳ್ಳಬೇಕು. ಅಂದರೆ ಹೊಣೆ ನಿಮ್ಮದೂ ಹೌದು, ನಮ್ಮದೂ ಹೌದು. ಅಡುಗೆಯವರದು ಎಂದು ಯಾವ ಕಾಗದದಲ್ಲೂ ನನಗೆ ಸಿಗಲಿಲ್ಲ.

ನನ್ನ ಕಡೆಯ ಕೆಲಸವನ್ನು ನಾನು ಶುರು ಮಾಡಿದ್ದೇನೆ. ಮುಖ್ಯ ಶಿಕ್ಷಕರ ಸಹಿ, ಮೊಹರು ಇರುವ ಚೀಟಿ ಇಲ್ಲದೆ ಶಾಲೆಯ ಕೈಗೆ ನಕಲು ಮಾಡುವುದಿಲ್ಲ ಎಂದು ಛತ್ರಿಯ ಕೋಲಿಗೆ ಒಂದು ತಗಡಿನ ಬೋರ್ಡು ಕಟ್ಟಿದ್ದೇನೆ. ಪಟ್ಟಣದಲ್ಲಿ ನನ್ನ ಹಾಗೆ ಕೈ ಮಾಡುವವರು ಇನ್ನೂ ಮೂವರಿದ್ದಾರೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ನಕ್ಕರು. ಒಂಬತ್ತು ಕೈಗಳ ಪೈಕಿ ಆರನ್ನು ಹುಡುಕಿಸಿ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಇಡಿಸಿದ್ದೇನೆ. ಯುವಕ ಸಂಘದವರು ಕೇಳಿದ ದಿನವೇ ತಂದುಕೊಟ್ಟರು. ವರ್ಗವಾಗಿ ಹೋದ ಶಿಕ್ಷಕರು ಹುಡುಕಿ ನೋಡುತ್ತೇನೆ ಎಂದಿದ್ದಾರೆ. ಮತಗಟ್ಟೆಯದು ಮತ್ತು ಕೆರೆಯ ಹತ್ತಿರ ಬಿದ್ದದ್ದು, ಎರಡರ ಸುಳಿವೂ ಇಲ್ಲ.

ಬೇರೆ ಬೇರೆ ಕೈಯ ಎರಡು ಹೊಸ ಬೀಗಗಳನ್ನು ನನ್ನ ಖರ್ಚಿನಲ್ಲಿ ತಂದು ಮನೆಯಲ್ಲಿಟ್ಟಿದ್ದೇನೆ. ದಾನವಾಗಿ ಬಂದ ವಸ್ತುವನ್ನು ದಾಸ್ತಾನಿಗೆ ತೆಗೆದುಕೊಳ್ಳಲು ಮೇಲಿನಿಂದ ಅನುಮತಿ ಬೇಕು ಎಂದು ಶಾಲೆಯವರು ಹೇಳಿದ್ದಾರೆ. ಆ ಅನುಮತಿಯ ಅರ್ಜಿ ನಿಮ್ಮ ಕಚೇರಿಗೆ ಬಂದು ಏಳು ವಾರವಾಯಿತು. ಇವತ್ತು ಸಂಜೆಯೂ ನಾಲ್ಕೂವರೆಗೆ ನಮ್ಮ ಶಾಲೆಯ ಗ್ರಿಲ್ಲಿಗೆ ಹಾಕಿದ್ದು ಅದೇ ಹಳೆಯ ಬೀಗ.

ಇಂತಿ ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹೊರಗಿನ ಬೀಗ ರಿಪೇರಿಯವನು,
ಎಸ್‌ಡಿಎಂಸಿ ಸದಸ್ಯ